ಲ್ಯಾಪ್‌ಟಾಪ್ ಹಾಳಾಯ್ತು, ಕ್ಲೇಮ್ ಮಾಡೋದಾ ಬೇಡ್ವಾ?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿತು. ಹಾಗೆ ನೆನೆದು ಕೆಟ್ಟ ಲ್ಯಾಪ್‌ಟಾಪ್‌ಗೂ ಕಾಫಿ ಚೆಲ್ಲಿ ಕೆಟ್ಟ ಲ್ಯಾಪ್‌ಟಾಪ್‌ಗೂ ರಿಪೇರಿ ಬಿಲ್ ಒಂದೇ ಇರಬಹುದು. ಆದರೆ ಮನೆ ವಿಮೆಯ ಕಣ್ಣಲ್ಲಿ ಎರಡೂ ಬೇರೆ ಬೇರೆ.

ಐಆರ್‌ಡಿಎಐ 2021ರ ಏಪ್ರಿಲ್‌ನಿಂದ ಜಾರಿಗೆ ತಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯನ್ನು ಬಾಡಿಗೆದಾರರೂ ಸಾಮಾನುಗಳಿಗಷ್ಟೇ ಮಾಡಿಸಬಹುದು. ನೆರೆ, ಬೆಂಕಿ, ಸಿಡಿಲು ಅದರಲ್ಲಿ ಸೇರಿವೆ. ಕೈಜಾರಿ ಬಿದ್ದದ್ದು, ಕಾಫಿ ಚೆಲ್ಲಿದ್ದು ಮೂಲ ಪಾಲಿಸಿಯಲ್ಲಿ ಇಲ್ಲ.

ಹಾಗಾಗಿ ನನ್ನ ಲೆಕ್ಕ ಸರಳ: ಎಷ್ಟು ನಷ್ಟ ಅನ್ನೋದಕ್ಕಿಂತ ಮೊದಲು ಹೇಗಾಯ್ತು ಅಂತ ನೋಡಿ. ಕಾಫಿಯಾದ್ರೆ ಬಿಟ್ಬಿಡಿ, ಸುಳ್ಳು ಹೇಳಿದರೆ ಪಾಲಿಸಿಯೇ ಕೈತಪ್ಪಬಹುದು. ನೆರೆಯಾದ್ರೆ 'ಒಂದು ಲ್ಯಾಪ್‌ಟಾಪ್‌ಗೆ ಯಾಕೆ ಓಡಾಟ' ಅನ್ನಬೇಡಿ. ಫೋಟೊ ತೆಗೆದಿಡಿ, ಬಿಲ್ ಹುಡುಕಿ, ತಕ್ಷಣ ಕ್ಲೇಮ್ ಮಾಡಿ. ಕಂಪನಿ ನಿರಾಕರಿಸಿದರೆ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ.

ಆದರೆ ದುಡ್ಡು ಬಂತು ಅಂತ ಸುಮ್ಮನಾಗೋದು ಬೇಡ. ರಾಜಕಾಲುವೆ ಒತ್ತುವರಿಯ ಖರ್ಚನ್ನು ನಮ್ಮ ಪ್ರೀಮಿಯಂ ಯಾಕೆ ಹೊರಬೇಕು? ಈ ಪ್ರಶ್ನೆಗೆ ಉತ್ತರಿಸಬೇಕಾದವರು ವಿಮಾ ಕಂಪನಿಯವರಲ್ಲ, ನಾವು ಆರಿಸಿ ಕಳಿಸಿದವರು.