ಐಟಿ ರಿಟರ್ನ್ಸ್ ಇಲ್ಲದಿದ್ದರೆ ಅಪಘಾತ ಪರಿಹಾರ ಸಿಗುವುದಿಲ್ಲವೇ?

‘ಸತತ ಮೂರು ವರ್ಷ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದವರು ಅಪಘಾತದಲ್ಲಿ ಸತ್ತರೆ, ಅವರ ಸರಾಸರಿ ವಾರ್ಷಿಕ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರ ಕುಟುಂಬಕ್ಕೆ ಕೊಡಲೇಬೇಕು.’ ಈ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಂತಲೂ ಅದರಲ್ಲಿ ಬರೆದಿರುತ್ತಾರೆ. ಆ ಸೆಕ್ಷನ್ ಇರುವುದು ನಿಜ, ಆದರೆ ಅದರಲ್ಲಿ ಇಂಥ ಮಾತಿಲ್ಲ.

ಸುಳ್ಳು ಅನ್ನುವುದಕ್ಕಿಂತ ಅದು ಮಾಡುವ ಹಾನಿ ದೊಡ್ಡದು. ಕೊಳ್ಳೇಗಾಲದ ರೇಷ್ಮೆ ಮಗ್ಗದವರು, ಯಳಂದೂರಿನ ಗದ್ದೆ ಕೂಲಿಯವರು, ಹನೂರಿನ ಒಣಭೂಮಿ ರೈತರಲ್ಲಿ ರಿಟರ್ನ್ಸ್ ಸಲ್ಲಿಸುವವರು ಎಷ್ಟು ಜನ? ಸಂದೇಶ ಓದಿದವರು ‘ಹಾಗಾದರೆ ನಮಗೇನೂ ಬರಲ್ಲ’ ಎಂದುಕೊಂಡು ಸುಮ್ಮನಾಗಬಹುದು.

ಪರಿಹಾರ ಕೊಡುವುದು ಸರ್ಕಾರವಲ್ಲ, ತಪ್ಪು ಮಾಡಿದ ವಾಹನದ ವಿಮಾ ಕಂಪನಿ. ಮೊತ್ತ ನಿಗದಿ ಮಾಡುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ರಿಟರ್ನ್ಸ್ ಆದಾಯಕ್ಕೆ ಒಂದು ಸಾಕ್ಷಿ ಅಷ್ಟೇ. ಅದಿಲ್ಲದಿದ್ದರೆ ಮೃತರ ಕೆಲಸ ನೋಡಿ ನ್ಯಾಯಮಂಡಳಿಯೇ ಆದಾಯ ಅಂದಾಜು ಮಾಡುತ್ತದೆ.

ಲೆಕ್ಕವೂ ‘ಹತ್ತು ಪಟ್ಟು’ ಅಲ್ಲ. ಸುಪ್ರೀಂ ಕೋರ್ಟ್‌ನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳ ಪ್ರಕಾರ ಒಂದು ಉದಾಹರಣೆ ನೋಡೋಣ. 38 ವರ್ಷದ ದರ್ಜಿ, ತಿಂಗಳ ಆದಾಯ 12,000 ರೂಪಾಯಿ, ಹೆಂಡತಿ, ಇಬ್ಬರು ಮಕ್ಕಳು. ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇ. 40 ಸೇರಿಸಿದರೆ 16,800. ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದರೆ 11,200. ಆ ವಯಸ್ಸಿಗೆ ಗುಣಕ 15. ವರ್ಷಕ್ಕೆ 12 ತಿಂಗಳಂತೆ ಗುಣಿಸಿದರೆ 20,16,000 ರೂಪಾಯಿ. ಫಾರ್ವರ್ಡ್ ಹೇಳುವ ಲೆಕ್ಕದಲ್ಲಿ 14,40,000. ಅಂದರೆ ಸುಳ್ಳು ಸಂದೇಶ ಈ ಕುಟುಂಬಕ್ಕೆ ಕಡಿಮೆಯನ್ನೇ ಆಸೆ ತೋರಿಸುತ್ತಿದೆ!

ಬೆಂಗಳೂರಿನಲ್ಲಿ ಅಪಘಾತವಾದರೂ ಅಲ್ಲಿಗೇ ಅಲೆಯಬೇಕಿಲ್ಲ. ನೀವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಗಡುವಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದವರಿದ್ದಾರೆ, ಆದರೆ ಅದನ್ನು ನಂಬಿ ಕೂರಬೇಡಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಬೇರೆ ಯೋಜನೆಯಿದೆ: ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ.

ನಮ್ಮ ಭಾಗದಲ್ಲಿ ವಿಮಾ ಕಂಪನಿಯ ತಕರಾರಿಗೆ ಸುಲಭವಾಗಿ ಸಿಕ್ಕಿಬೀಳುವ ಸಂಗತಿ ಇನ್ನೊಂದಿದೆ. ಮಲೆ ಮಹದೇಶ್ವರ ಬೆಟ್ಟಕ್ಕೋ ಮದುವೆಗೋ ಗೂಡ್ಸ್ ಟೆಂಪೊದಲ್ಲಿ ಜನ ತುಂಬಿಕೊಂಡು ಹೋಗುವುದು. ಸರಕು ವಾಹನದ ಕಡ್ಡಾಯ ವಿಮೆ ಹೀಗೆ ಹತ್ತಿದ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಕಿನ ಜತೆ ಹೋಗುವ ಅದರ ಮಾಲೀಕ ಅಥವಾ ಅವರ ಪ್ರತಿನಿಧಿಗೆ ಮಾತ್ರ ವಿನಾಯಿತಿ. ಉಳಿದವರ ಪರಿಹಾರದ ಹೊರೆ ಟೆಂಪೊ ಮಾಲೀಕನ ಮೇಲೆ ಬೀಳುತ್ತದೆ. ಅವನ ಹತ್ತಿರ ಆ ಟೆಂಪೊ ಬಿಟ್ಟರೆ ಬೇರೇನೂ ಇಲ್ಲದಿರಬಹುದು.