ಗಿಟ್ ಹಾಕ್ಕೊಳ್ಳೋ ಮುಂಚೆ

ಹೊಸ ಕೆಲಸದ ಮೊದಲ ವಾರದಲ್ಲೇ ಟೀಮ್ ಲೀಡ್ ಕೇಳ್ತಾರೆ: “ಗಿಟ್ ಹಾಕ್ಕೊಂಡ್ರಾ?” ಕಾಲೇಜಿನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತ ಫೋಲ್ಡರ್ ಇಟ್ಟುಕೊಂಡೇ ಪ್ರಾಜೆಕ್ಟ್ ಮುಗಿಸಿದವರು ಹೂಂ ಅಂತ ತಲೆಯಾಡಿಸಿ ಸೀದಾ ಗೂಗಲ್‌ಗೆ ಓಡ್ತಾರೆ. ಎಡವೋದು ಅಲ್ಲೇ.

ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರೋದು ಎಷ್ಟೋ ಸಲ ಜಾಹೀರಾತು. ‘ಸ್ಪಾನ್ಸರ್ಡ್’ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಅವಸರದಲ್ಲಿ ಕಣ್ಣಿಗೆ ಬೀಳಲ್ಲ. ಹೆಸರಾಂತ ಉಚಿತ ತಂತ್ರಾಂಶಗಳ ಲೋಗೋ, ಬಣ್ಣ ಎಲ್ಲ ಹಾಗೇ ನಕಲು ಮಾಡಿ, ಪಾಸ್‌ವರ್ಡ್ ಕದಿಯೋ ಫೈಲ್ ಇಳಿಸೋ ವಂಚಕರು ಆ ಜಾಗವನ್ನೇ ದುಡ್ಡು ಕೊಟ್ಟು ಹಿಡೀತಾರೆ. ಗಿಟ್‌ನ ಅಸಲಿ ವಿಳಾಸ ಗಿಟ್-ಎಸ್‌ಸಿಎಂ ಡಾಟ್ ಕಾಮ್. ಅದನ್ನ ಕೈಯಾರೆ ಟೈಪ್ ಮಾಡಿ. ಉಬುಂಟು ಇದ್ದರೆ ಈ ರಗಳೆಯೇ ಬೇಡ, ‘ಸುಡೋ ಆಪ್ಟ್ ಇನ್‌ಸ್ಟಾಲ್ ಗಿಟ್’ ಅಂದರೆ ಮುಗೀತು. ಆಫೀಸಿನ ಲ್ಯಾಪ್‌ಟಾಪ್ ಆದರೆ ಮೊದಲು ಐಟಿಯವರನ್ನ ಕೇಳಿ.

ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆಯೋಕೆ ಕೂತದ್ದು ಒಂದು ಜಗಳದ ನಂತರ. ಲಿನಕ್ಸ್ ತಂಡ ಪುಕ್ಕಟೆ ಬಳಸುತ್ತಿದ್ದ ಬಿಟ್‌ಕೀಪರ್ ಅನ್ನೋ ಸಾಧನದ ಉಚಿತ ಪರವಾನಗಿಯನ್ನ ಅದರ ಮಾಲೀಕರು ಹಿಂದಕ್ಕೆ ಪಡೆದಿದ್ದರು. ಪುಕ್ಕಟೆ ಸಿಕ್ಕಿದ್ದೆಲ್ಲ ಓಪನ್ ಸೋರ್ಸ್ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಅಂದ ಹಾಗೆ, ಬ್ರಿಟಿಷರ ಆಡುಮಾತಿನಲ್ಲಿ ‘ಗಿಟ್’ ಅನ್ನೋದು ಬೈಗುಳ.

ವಿಂಡೋಸ್ ಇನ್‌ಸ್ಟಾಲರ್ ಒಂದರ ಹಿಂದೊಂದು ಪರದೆ ತೋರಿಸಿ ಪ್ರಶ್ನೆ ಕೇಳುತ್ತೆ. ಬಹುತೇಕ ಕಡೆ ‘ನೆಕ್ಸ್ಟ್’ ಒತ್ತಿದರೆ ಸಾಕು. ಎಡಿಟರ್ ಯಾವುದು ಅಂತ ಕೇಳೋ ಕಡೆ ಮಾತ್ರ ನಿಲ್ಲಿ, ಅಲ್ಲಿ ತಾನಾಗಿ ಇರೋದು ‘ವಿಮ್’. ಪರಿಚಯ ಇಲ್ಲದವರಿಗೆ ಅದು ಚಕ್ರವ್ಯೂಹ, ಒಳಗೆ ಹೋಗೋದು ಸುಲಭ. ನೋಟ್‌ಪ್ಯಾಡ್ ಆರಿಸಿಕೊಳ್ಳಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಎಂಟರ್ ಮಾಡಿ, ಹೊರಗೆ ಬರ್ತೀರಿ.

ಆಮೇಲೆ ಗಿಟ್ ನಿಮ್ಮ ಹೆಸರು, ಇಮೇಲ್ ಕೇಳುತ್ತೆ. ಇದನ್ನ ಲಾಗಿನ್ ಅಂದ್ಕೋಬೇಡಿ. ನೀವು ಮಾಡೋ ಪ್ರತಿ ಕಮಿಟ್ ಮೇಲೂ ಈ ಎರಡೂ ಅಚ್ಚಾಗುತ್ತವೆ. ಅದನ್ನ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದರೆ ನಿಮ್ಮ ಸ್ವಂತ ಇಮೇಲ್ ಕೂಡ ಊರಿಗೆಲ್ಲ ಗೊತ್ತಾಗುತ್ತೆ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇಮೇಲ್ಸ್’ ತೆರೆದು ವಿಳಾಸ ಗುಟ್ಟಾಗಿಡೋ ಆಯ್ಕೆ ಒತ್ತಿದರೆ ‘ನೋರಿಪ್ಲೈ’ ವಿಳಾಸ ಒಂದು ಸಿಗುತ್ತೆ, ಅದನ್ನೇ ಕೊಡಿ. ಹೆಣ್ಣುಮಕ್ಕಳಂತೂ ಇದನ್ನ ಖಂಡಿತ ಮಾಡಿ ಅಂತೀನಿ.

ನಿಜವಾಗಿ ನೌಕರಿಗೇ ಕುತ್ತು ತರೋದು ಇನ್ನೊಂದಿದೆ. ಡೇಟಾಬೇಸ್ ಪಾಸ್‌ವರ್ಡನ್ನೋ ಕ್ಲೌಡ್ ಕೀಯನ್ನೋ ಕೋಡ್ ಒಳಗೇ ಬರೆದು, ಮನೆಯಲ್ಲಿ ಕೂತು ನೋಡೋಣ ಅಂತ ಸಾರ್ವಜನಿಕ ಖಾತೆಗೆ ತಳ್ಳಿಬಿಡೋದು. ಇಂಥ ಕೀಗಳಿಗಾಗಿ ಗಿಟ್‌ಹಬ್ ಜಾಲಾಡೋ ಬಾಟ್‌ಗಳಿಗೆ ಹಗಲು ರಾತ್ರಿ ಅಂತಿಲ್ಲ. ತಪ್ಪು ಗೊತ್ತಾಗಿ ಫೈಲ್ ಅಳಿಸಿ ಮತ್ತೆ ಕಮಿಟ್ ಮಾಡಿದರೆ ಆಯ್ತಲ್ಲ ಅಂತ ಬಹಳ ಜನ ಅಂದ್ಕೋತಾರೆ. ಆಗಲ್ಲ. ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳೋದೇ ಗಿಟ್ ಕಸುಬು, ಹಿಂದಿನ ಕಮಿಟ್ ತೆರೆದರೆ ಪಾಸ್‌ವರ್ಡ್ ಹಾಗೇ ಕೂತಿರುತ್ತೆ. ಆಗ ಮಾಡಬೇಕಾದ ಮೊದಲ ಕೆಲಸ ಆ ಕೀ ರದ್ದು ಮಾಡಿ ಹೊಸದು ಪಡೆಯೋದು, ಎರಡನೆಯದು ಲೀಡ್‌ಗೆ ಹೇಳೋದು. ಹಿಸ್ಟರಿ ತೊಳೆಯೋದೆಲ್ಲ ಆಮೇಲೆ.

ಇವತ್ತು ರಾತ್ರಿ ಒಂದು ಖಾಲಿ ಫೋಲ್ಡರ್ ಮಾಡಿ, ಒಳಗೆ ‘ಗಿಟ್ ಇನಿಟ್’ ಕೊಡಿ. ನಾಲ್ಕು ಸಾಲಿನ ಟೆಕ್ಸ್ಟ್ ಫೈಲ್ ಇಟ್ಟು, ‘ಗಿಟ್ ಆಡ್’ ಆದ ಮೇಲೆ ‘ಗಿಟ್ ಸ್ಟೇಟಸ್’ ಕೇಳಿ ಏನೇನು ಹೋಗ್ತಿದೆ ಅಂತ ಓದಿ, ಆಮೇಲೆ ಕಮಿಟ್ ಮಾಡಿ. ಕಮಿಟ್ ಜೊತೆಗಿನ ಸಂದೇಶವನ್ನ ಕನ್ನಡದಲ್ಲೇ ಬರೀಬಹುದು, ಗಿಟ್‌ನದೇನೂ ತಕರಾರಿಲ್ಲ.