ಆರಿಸಿಕೊಳ್ಳಲಾಗದ ಓದು

ಯೆಹೂದಿಗಳು ತಮ್ಮ ತೋರಾವನ್ನು 54 ಭಾಗ ಮಾಡಿಕೊಂಡು ವಾರವಾರ ಓದ್ತಾ, ವರ್ಷಕ್ಕೊಂದು ಸುತ್ತು ಮುಗಿಸ್ತಾರೆ. ನನಗೆ ಇದರಲ್ಲಿ ಹಿಡಿಸಿದ್ದು, ಯಾವ ವಾರ ಏನು ಓದಬೇಕು ಅನ್ನೋ ಆಯ್ಕೆ ನಮ್ಮ ಕೈಲಿಲ್ಲ ಅನ್ನೋದು. ಸಮುದ್ರ ಇಬ್ಭಾಗವಾದ ಕಥೆ ಯಾರಿಗೆ ಬೇಡ ಹೇಳಿ? ಆದ್ರೆ ಏಪ್ರಿಲ್ ಆಸುಪಾಸಿಗೆ 'ತಝ್ರಿಯಾ' ಬರುತ್ತೆ. ಬಹುಪಾಲು ಚರ್ಮದ ಮೇಲಿನ ಕಲೆಗಳ ವಿವರ! ಹಾರಿಸಿಬಿಡೋಣ ಅನ್ಸುತ್ತೆ.

ನಿಧಾನಕ್ಕೆ ಓದಿದ್ರೆ ಅಲ್ಲೊಬ್ಬ ಪುರೋಹಿತ ಕಾಣ್ತಾನೆ. ಕಲೆ ನೋಡಿ ಅನುಮಾನ ಬಂದರೆ ಆತ ಕೂಡಲೇ ತೀರ್ಪು ಕೊಡುವಂತಿಲ್ಲ. ಆ ಮನುಷ್ಯನನ್ನು 7 ದಿನ ಪ್ರತ್ಯೇಕ ಇರಿಸಿ ಮತ್ತೆ ನೋಡಬೇಕು. ಹರಡಿಲ್ಲವಾ? ಇನ್ನೂ 7 ದಿನ ಕಾದು ಮತ್ತೊಮ್ಮೆ ನೋಡಬೇಕು. ಯಾಕಂದ್ರೆ 'ಅಶುದ್ಧ' ಅಂದುಬಿಟ್ಟರೆ ಅವನು ಪಾಳೆಯದ ಹೊರಗೆ ಒಂಟಿಯಾಗಿ ಬದುಕಬೇಕು...

ರಬ್ಬಿಗಳು ಈ ರೋಗವನ್ನು ಚಾಡಿಮಾತಿಗೆ ಸಿಕ್ಕ ಶಿಕ್ಷೆ ಅಂತ ವ್ಯಾಖ್ಯಾನಿಸಿದ್ರು. (ಮೋಶೆಯನ್ನು ಆಡಿಕೊಂಡ ಅಕ್ಕ ಮಿರ್ಯಾಮಳಿಗೂ ಇದೇ ಆಗಿತ್ತಲ್ಲ.) ನನಗೇನೋ ರೋಗಿಗಿಂತ ಆ ಪುರೋಹಿತನೇ ಕಾಡ್ತಾನೆ. ಆಫೀಸಿಗೆ ಹೊಸಬರು ಬಂದ ಮೊದಲ ದಿನವೇ "ಇವನು ಇಷ್ಟೇ" ಅಂತ ಹಣೆಪಟ್ಟಿ ಅಂಟಿಸೋ ನಮ್ಮಂಥವರು ಈ ಅಧ್ಯಾಯವನ್ನ ತಾವಾಗೇ ತೆರೆದು ಓದ್ತೀವಾ? ನನಗಂತೂ ನಂಬಿಕೆ ಇಲ್ಲ. ವಾರದ ಸರದಿ ಬಂತು ಅಂತಲೇ ಓದಬೇಕು.